ಕೊಲೆಸ್ಟ್ರಾಲ್ ನಾರ್ಮಲ್ ಇತ್ತಲ್ಲ, ಮತ್ತೆ ಯಾಕೆ?

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಕೋಲಾರದ ನಮ್ಮ ಲ್ಯಾಬ್‌ಗೆ ಒಬ್ಬರು ಬಂದರು. ವಯಸ್ಸು ನಲವತ್ತಾರು. ಟೊಮೆಟೊ ಮಂಡಿಯಲ್ಲಿ ವ್ಯಾಪಾರ. ಮೂರು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡಿದ್ದರು. ಪ್ಲಾಸ್ಟಿಕ್ ಕವರ್‌ನಿಂದ ಹಳೆಯ ರಿಪೋರ್ಟ್ ತೆಗೆದು ಕೌಂಟರ್ ಮೇಲೆ ಇಟ್ಟರು. ಅಟ್ಯಾಕ್ ಆಗುವ ಎರಡು ತಿಂಗಳ ಮೊದಲು ನಮ್ಮಲ್ಲೇ ಮಾಡಿಸಿದ್ದು. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 104. ಸಕ್ಕರೆ ಸರಿಯಾಗಿತ್ತು.

"ಅಣ್ಣ, ಕೊಲೆಸ್ಟ್ರಾಲ್ ನಾರ್ಮಲ್ ಇತ್ತಲ್ಲ. ಮತ್ತೆ ಯಾಕೆ ಹೀಗಾಯ್ತು?"

ಡಾಕ್ಟರನ್ನು ಕೇಳಿ ಅಂತ ಹೇಳಿ ಕಳಿಸಬಹುದಿತ್ತು. ಅವತ್ತು ಹಾಗೇ ಮಾಡಿದೆ. ಆದರೆ ಆ ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ. ಹದಿನೇಳು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೇನೆ. ದಿನಾ ರಕ್ತ ತೆಗೆಯುತ್ತೇನೆ, ಸೀರಮ್ ಬೇರೆ ಮಾಡುತ್ತೇನೆ, ಅಂಕಿ ಬರೆದು ಕೊಡುತ್ತೇನೆ. ಆ ಅಂಕಿಯನ್ನು ಜನ ಹೇಗೆ ಓದುತ್ತಾರೆ ಅನ್ನುವುದೂ ನಮ್ಮ ಹೊಣೆಯೇ ಅಲ್ವಾ?

ಈ ಪ್ರಶ್ನೆ ಈಗ ಜಾಸ್ತಿ ಬರುತ್ತಿದೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ಜನ ಇಸಿಜಿಗೆ ಸಾಲು ನಿಂತರು. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಒಂದಾದ ಮೇಲೊಂದು ಸಾವಿನ ಸುದ್ದಿ ಬಂದಾಗ ಮತ್ತೆ ಸಾಲು. ಸರ್ಕಾರ ನೇಮಿಸಿದ ಸಮಿತಿ ನೋಡಿ, ಅಲ್ಲಿ ಸಾವು ಅಸಹಜವಾಗಿ ಏರಿಲ್ಲ ಎಂದು ಹೇಳಿತು. ಆದರೂ ಭಯ ಉಳಿಯಿತು. ಭಯಕ್ಕೆ ಕಾರಣ ಇಲ್ಲ ಅಂತಲ್ಲ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಮೊದಲ ಹೃದಯಾಘಾತದ ವಯಸ್ಸು ನಮ್ಮ ದಕ್ಷಿಣ ಏಷ್ಯಾದವರಿಗೆ ಸುಮಾರು 53. ಉಳಿದ ದೇಶದವರಿಗೆ ಸುಮಾರು 59.

ಈ ಭಯದ ಜೊತೆಯಲ್ಲೇ ಒಂದು ಟೆಸ್ಟಿನ ಹೆಸರು ಜನರ ಬಾಯಿಗೆ ಬಂದಿದೆ. ಎಚ್‌ಎಸ್‌-ಸಿಆರ್‌ಪಿ. ದೇಹದೊಳಗಿನ ಉರಿಯೂತದ ಸುಳಿವು ಕೊಡುವ ರಕ್ತ ಪರೀಕ್ಷೆ. ಪ್ಯಾಕೇಜ್ ಚೆಕಪ್‌ಗಳ ಪಟ್ಟಿಯಲ್ಲಿ ಅದು ಇರುತ್ತದೆ. ಎಷ್ಟಿದ್ದರೆ ಒಳ್ಳೆಯದು, ಯಾಕೆ ಏರುತ್ತದೆ, ಏರಿದರೆ ಏನು ಮಾಡಬೇಕು ಅಂತ ಯಾರೂ ಕೂತು ಹೇಳುವುದಿಲ್ಲ. ಮಂಡಿಯವರ ಪ್ರಶ್ನೆಗೆ ಉತ್ತರದ ಒಂದು ಪಾಲು ಅಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾಳದ ಗೋಡೆಯೊಳಗೆ

ಕಾಲಿಗೆ ಜಾಲಿಮುಳ್ಳು ಚುಚ್ಚಿದರೆ ಮಾರನೇ ದಿನ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದುತ್ತದೆ, ಮುಟ್ಟಿದರೆ ನೋವು. ಇದನ್ನೇ ಉರಿಯೂತ ಅನ್ನುತ್ತೇವೆ. ಉರಿ ಮತ್ತು ಊತ. ಇದು ಕಾಯಿಲೆಯಲ್ಲ, ದೇಹದ ಕಾವಲು. ಬಿಳಿ ರಕ್ತಕಣಗಳು ಅಲ್ಲಿಗೆ ಓಡಿ ಬಂದು ಕೊಳೆ ತಿಂದು, ಗಾಯ ಮಾಯಿಸಿ ಹೋಗುತ್ತವೆ. ಕೆಲಸ ಮುಗಿದ ಮೇಲೆ ಹೋಗಬೇಕು. ಹೋಗದೆ ಅಲ್ಲೇ ಬೀಡುಬಿಟ್ಟರೆ ತೊಂದರೆ.

ರಕ್ತನಾಳದ ಗೋಡೆಯಲ್ಲಿ ಆಗುವುದು ಇದೇ. ಆದರೆ ಅಲ್ಲಿ ಉರಿಯೂ ಗೊತ್ತಾಗುವುದಿಲ್ಲ, ಊತವೂ ಕಾಣುವುದಿಲ್ಲ.

ಮೊದಲ ಹೆಜ್ಜೆ ಎಲ್‌ಡಿಎಲ್‌ನದೇ. ಕೊಲೆಸ್ಟ್ರಾಲ್ ಹೊತ್ತ ಈ ಕಣಗಳು ನಾಳದ ಒಳಪದರದ ಕೆಳಗೆ ನುಸುಳಿ ಸಿಕ್ಕಿಕೊಳ್ಳುತ್ತವೆ. ಅಲ್ಲೇ ಉಳಿದು ಕೆಡುತ್ತವೆ. ಹಳೆಯ ಕಡಲೆಕಾಯಿ ಎಣ್ಣೆ ಕಮಟು ಹಿಡಿಯುತ್ತದಲ್ಲ, ರಸಾಯನಶಾಸ್ತ್ರದ ಲೆಕ್ಕದಲ್ಲಿ ಹೆಚ್ಚುಕಡಿಮೆ ಅದೇ ಕ್ರಿಯೆ. ಕಮಟು ಹಿಡಿದ ಕೊಬ್ಬು ಕಂಡ ಕೂಡಲೇ ಒಳಪದರದ ಕೋಶಗಳು ಮೈಮೇಲೆ ಅಂಟು ಪ್ರೋಟೀನ್‌ಗಳನ್ನು ತೋರಿಸುತ್ತವೆ. ಹರಿಯುವ ರಕ್ತದಲ್ಲಿ ಸಾಗುತ್ತಿದ್ದ ಬಿಳಿ ಕಣಗಳು ಅದಕ್ಕೆ ಅಂಟಿ, ಒಳಗೆ ಇಳಿದು, ಕೆಟ್ಟ ಕೊಬ್ಬನ್ನು ನುಂಗಲು ಶುರು ಮಾಡುತ್ತವೆ. ನುಂಗಿ ನುಂಗಿ ಉಬ್ಬುತ್ತವೆ. ಮೈಕ್ರೋಸ್ಕೋಪ್‌ನಲ್ಲಿ ನೊರೆಯ ಹಾಗೆ ಕಾಣುವುದರಿಂದ ಇವಕ್ಕೆ ನೊರೆಕೋಶ ಅಂತಲೇ ಹೆಸರು. ಕೆಲವು ಅಲ್ಲೇ ಸಾಯುತ್ತವೆ. ಅವುಗಳೊಳಗೆ ಮತ್ತು ಸುತ್ತ ಕೊಲೆಸ್ಟ್ರಾಲ್ ಹರಳುಗಟ್ಟುತ್ತದೆ. ಸೂಜಿಯಂಥ ಹರಳು.

ಆ ಹರಳು ಕೋಶದೊಳಗೆ ಒಂದು ಗಂಟೆ ಬಾರಿಸುತ್ತದೆ. ಎನ್‌ಎಲ್‌ಆರ್‌ಪಿ3 ಅನ್ನುವ ಪ್ರೋಟೀನ್ ಜೋಡಣೆ ಅದು. ಅದು ಎಚ್ಚರವಾದರೆ ಇಂಟರ್‌ಲ್ಯೂಕಿನ್-1 ಬೀಟಾ ಅನ್ನುವ ಸಂದೇಶ ಪ್ರೋಟೀನ್ ಹೊರಬರುತ್ತದೆ. ಅದು ಇಂಟರ್‌ಲ್ಯೂಕಿನ್-6 ಅನ್ನು ಎಬ್ಬಿಸುತ್ತದೆ. ಇಂಟರ್‌ಲ್ಯೂಕಿನ್-6 ರಕ್ತದಲ್ಲಿ ಹರಿದು ಲಿವರ್‌ಗೆ ಮುಟ್ಟುತ್ತದೆ. ಲಿವರ್ ಸಿಆರ್‌ಪಿ, ಅಂದರೆ ಸಿ-ರಿಯಾಕ್ಟಿವ್ ಪ್ರೋಟೀನ್, ತಯಾರಿಸಿ ರಕ್ತಕ್ಕೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜೆನ್ ಕೂಡ ಜಾಸ್ತಿ ಮಾಡುತ್ತದೆ. ನಮ್ಮ ಟ್ಯೂಬಿನಲ್ಲಿ ಸಿಗುವ ಸಿಆರ್‌ಪಿ ಈ ಸರಪಳಿಯ ಕೊನೆಯ ಕೊಂಡಿ.

ಇತ್ತ ನಾಳದ ಗೋಡೆಯಲ್ಲಿ ಕೊಬ್ಬಿನ ಗಂಟಿನ ಮೇಲೆ ನಾರಿನ ಒಂದು ಮುಚ್ಚಳ ಇರುತ್ತದೆ. ಬೀಡುಬಿಟ್ಟ ಬಿಳಿ ಕಣಗಳು ಬಿಡುವ ಕಿಣ್ವಗಳು ಆ ಮುಚ್ಚಳವನ್ನು ಕರಗಿಸಿ ತೆಳು ಮಾಡುತ್ತವೆ. ಒಂದು ದಿನ ಅದು ಹರಿಯುತ್ತದೆ. ಒಳಗಿನ ಕೊಳೆ ರಕ್ತಕ್ಕೆ ತಾಗಿದ ಕೂಡಲೇ ರಕ್ತ ಹೆಪ್ಪುಗಟ್ಟುತ್ತದೆ. ನಾಳ ಮುಚ್ಚುತ್ತದೆ. ಎಷ್ಟೋ ಅಟ್ಯಾಕ್‌ಗಳು ನಾಳವನ್ನು ಅರ್ಧದಷ್ಟೂ ಮುಚ್ಚಿರದ ಗಂಟು ಹರಿದು ಆಗುತ್ತವೆ. ನಿನ್ನೆವರೆಗೆ ಕ್ರೇಟ್ ಎತ್ತಿ ಇಳಿಸುತ್ತಿದ್ದವರು, ಒಂದು ದಿನವೂ ಎದೆ ಹಿಡಿದುಕೊಳ್ಳದವರು, ಇವತ್ತು ಕುಸಿಯುವುದು ಹೀಗೆ. ಗಂಟು ಎಷ್ಟು ದೊಡ್ಡದು ಅನ್ನುವುದಕ್ಕಿಂತ ಅದು ಎಷ್ಟು ಕೆರಳಿದೆ ಅನ್ನುವುದು ಎಷ್ಟೋ ಸಲ ದೊಡ್ಡ ವಿಷಯ.

ಚಾಂಪಿಯನ್ ರೀಫ್‌ನ ಧೂಳು

ಹರಳಿನ ಮಾತು ಬಂದಾಗ ನನಗೆ ದೊಡ್ಡಪ್ಪ ನೆನಪಾಗುತ್ತಾರೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಡ್ರಿಲ್ಲಿಂಗ್ ಕೆಲಸ. ಮೂರು ಕಿಲೋಮೀಟರ್‌ಗೂ ಆಳಕ್ಕೆ ಹೋಗಿದ್ದ ಗಣಿ ಅದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಅವರಿಗೆ ಐವತ್ತು ದಾಟಿತ್ತು. ಲೈನ್ ಮನೆಯ ಜಗಲಿಯಲ್ಲಿ ಕೂತು ಕೆಮ್ಮುತ್ತಿದ್ದರು. ಕೆಮ್ಮು ನಿಂತಾಗ ಎದೆಯ ಮೇಲೆ ಅಂಗೈ ಇಟ್ಟು, ಉಸಿರು ಸಿಗುವವರೆಗೆ ಮಾತಾಡದೆ ಎದುರಿನ ಗೋಡೆ ನೋಡುತ್ತಿದ್ದರು. ನಾವು ಮಕ್ಕಳು ಸುಮ್ನೆ ಕಾಯುತ್ತಿದ್ದೆವು.

ಗಣಿ ಕಾರ್ಮಿಕರ ಆ ಕಾಯಿಲೆಯ ಹೆಸರು ಸಿಲಿಕೋಸಿಸ್. ನಮ್ಮ ದೇಶದಲ್ಲಿ ಅದನ್ನು ಮೊದಮೊದಲು ದಾಖಲಿಸಿದ ಜಾಗಗಳಲ್ಲಿ ಕೋಲಾರದ ಚಿನ್ನದ ಗಣಿಯೂ ಒಂದು. 1940ರ ದಶಕದಷ್ಟು ಹಿಂದೆಯೇ. ಬಂಡೆ ಕೊರೆದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶ ಸೇರುತ್ತದೆ. ಬಿಳಿ ಕಣಗಳು ಅದನ್ನು ನುಂಗುತ್ತವೆ. ಅರಗಿಸಲು ಆಗುವುದಿಲ್ಲ.

2008ರಲ್ಲಿ ವಿಜ್ಞಾನಿಗಳು ಕಂಡುಕೊಂಡ ವಿಷಯ ಇದು: ಸಿಲಿಕಾ ಹರಳು ಶ್ವಾಸಕೋಶದ ಕೋಶದಲ್ಲಿ ಬಾರಿಸುವ ಗಂಟೆ ಅದೇ ಎನ್‌ಎಲ್‌ಆರ್‌ಪಿ3. ಗೌಟ್ ಕಾಯಿಲೆಯಲ್ಲಿ ಕಾಲಿನ ಹೆಬ್ಬೆರಳ ಕೀಲಿಗೆ ಇಳಿಯುವ ಯೂರಿಕ್ ಆಸಿಡ್ ಹರಳೂ ಇದೇ ಗಂಟೆ ಬಾರಿಸುತ್ತದೆ ಅಂತ 2006ರಲ್ಲೇ ಗೊತ್ತಾಗಿತ್ತು. 2010ರಲ್ಲಿ ಕೊಲೆಸ್ಟ್ರಾಲ್ ಹರಳೂ ಆ ಸಾಲಿಗೆ ಸೇರಿತು. ಗಣಿಯ ಧೂಳು, ಗೌಟ್‌ನ ಉಪ್ಪು, ನಾಳದ ಕೊಬ್ಬು. ಮೂರು ಬೇರೆ ಬೇರೆ ವಸ್ತು, ಮೂರು ಬೇರೆ ಅಂಗ. ದೇಹ ಮೂರಕ್ಕೂ ಒಂದೇ ರೀತಿ ಎಚ್ಚರವಾಗುತ್ತದೆ.

ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ದೊಡ್ಡಪ್ಪ ಕೊನೆಗೆ ಹೋಗಿದ್ದು ಹೃದಯದ ತೊಂದರೆಯಿಂದ. ಧೂಳಿನಿಂದಲೇ ಹೋದರು ಅಂತ ನಾನು ಹೇಳಲಾರೆ. ಸಿಲಿಕಾ ಧೂಳು ಕುಡಿದವರಲ್ಲಿ ಹೃದಯದ ಸಾವು ಜಾಸ್ತಿ ಅನ್ನುವುದನ್ನು ಚೀನಾದ ಗಣಿ ಮತ್ತು ಪಿಂಗಾಣಿ ಕಾರ್ಮಿಕರ ದೊಡ್ಡ ಅಧ್ಯಯನ ತೋರಿಸಿದೆ. ಅದರಲ್ಲಿ ದೊಡ್ಡ ಪಾಲು, ಕೆಟ್ಟ ಶ್ವಾಸಕೋಶಕ್ಕೆ ರಕ್ತ ತಳ್ಳಿ ತಳ್ಳಿ ಹೃದಯದ ಬಲಭಾಗ ಸೋಲುವುದು. ಅದು ಬೇರೆ ದಾರಿ. ಆದರೂ ಕೆಜಿಎಫ್‌ನ ಹಳೆಯ ಕಾರ್ಮಿಕರಿಗೆ, ಈಗ ಚಿಕ್ಕಬಳ್ಳಾಪುರ, ಕೋಲಾರದ ಕ್ರಷರ್‌ಗಳಲ್ಲಿ ದುಡಿಯುವ ಹುಡುಗರಿಗೆ ಎದೆಯ ಎಕ್ಸ್‌ರೇ ಮಾಡಿಸುವಾಗ ಹೃದಯವನ್ನೂ ನೋಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಿಲಿಕಾದ ಸಣ್ಣ ಕಣ ನಿಲ್ಲುವುದಿಲ್ಲ. ನೀರು ಚಿಮುಕಿಸಿ ಧೂಳು ಏಳದ ಹಾಗೆ ಮಾಡಬೇಕು. ಸರಿಯಾದ ಮಾಸ್ಕ್ ಕೊಡಬೇಕು.

ಕಪ್ಪು ಸ್ಲೈಡಿನಿಂದ ಮೆಷಿನ್‌ವರೆಗೆ

ಸಿಆರ್‌ಪಿ ಕಂಡುಹಿಡಿದದ್ದು 1930ರಲ್ಲಿ, ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ. ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತ ನೋಡುತ್ತಿದ್ದರು. ನ್ಯುಮೋನಿಯಾ ರೋಗಾಣುವಿನ 'ಸಿ' ಅನ್ನುವ ಸಕ್ಕರೆ ಅಂಶಕ್ಕೆ ಅಂಟುವ ವಸ್ತುವೊಂದು ಸಿಕ್ಕಿತು. ಹೆಸರಿನ ಮೊದಲ ಅಕ್ಷರ ಅಲ್ಲಿಂದ ಬಂತು. ರೋಗಿ ಗುಣವಾದಂತೆ ಅದು ರಕ್ತದಿಂದ ಮಾಯವಾಗುತ್ತಿತ್ತು.

ನಾನು ಕೆಲಸಕ್ಕೆ ಸೇರಿದಾಗ ನಮ್ಮಲ್ಲಿ ಇದ್ದದ್ದು ಸ್ಲೈಡ್ ಟೆಸ್ಟ್. ಕಪ್ಪು ಹಿನ್ನೆಲೆಯ ಗಾಜಿನ ಸ್ಲೈಡ್. ಅದರ ಮೇಲೆ ಒಂದು ಹನಿ ಸೀರಮ್, ಪಕ್ಕದಲ್ಲಿ ಒಂದು ಹನಿ ಲ್ಯಾಟೆಕ್ಸ್ ದ್ರಾವಣ. ಕಡ್ಡಿಯಿಂದ ಕಲಸಿ ಎರಡು ನಿಮಿಷ ಸ್ಲೈಡನ್ನು ನಿಧಾನವಾಗಿ ಆಡಿಸಬೇಕು. ಹಾಲು ಒಡೆದ ಹಾಗೆ ಸಣ್ಣ ಬಿಳಿ ಕಾಳು ಕಂಡರೆ ಪಾಸಿಟಿವ್. ನುಣ್ಣಗೆ ಇದ್ದರೆ ನೆಗೆಟಿವ್. ಲೀಟರಿಗೆ 6 ಮಿಲಿಗ್ರಾಂ ದಾಟದಿದ್ದರೆ ಕಾಳು ಕಾಣುತ್ತಿರಲಿಲ್ಲ. ಸೋಂಕು ಪತ್ತೆಗೆ ಅಷ್ಟು ಸಾಕು. ಟೈಫಾಯಿಡ್, ನ್ಯುಮೋನಿಯಾದಲ್ಲಿ ಸಿಆರ್‌ಪಿ ನೂರು, ಇನ್ನೂರು ದಾಟಬಹುದು.

ಹೃದಯದ ಲೆಕ್ಕ ಮಾತ್ರ ಹೆಚ್ಚಾಗಿ 6ರ ಕೆಳಗೇ ನಡೆಯುತ್ತದೆ. 1ಕ್ಕಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3ಕ್ಕಿಂತ ಮೇಲೆ ಜಾಸ್ತಿ. ಅಮೆರಿಕದ ಹೃದಯ ಸಂಘ 2003ರಲ್ಲಿ ಹಾಕಿಕೊಟ್ಟ ಗೆರೆ ಇದು. ಸ್ಲೈಡಿನಲ್ಲಿ ಇವರಲ್ಲಿ ಹೆಚ್ಚಿನವರು ನೆಗೆಟಿವ್! ಅದಕ್ಕೇ 'ಎಚ್‌ಎಸ್‌', ಅಂದರೆ ಹೆಚ್ಚು ಸೂಕ್ಷ್ಮ. ಅದೇ ಸಿಆರ್‌ಪಿ, ಅಳೆಯುವ ವಿಧಾನ ನಯ. ಮೆಷಿನ್ ದ್ರಾವಣದೊಳಗೆ ಬೆಳಕು ಹಾಯಿಸಿ, ಎಷ್ಟು ಕದಡಿದೆ ಅಂತ ನೋಡಿ ಅಂಕಿ ಕೊಡುತ್ತದೆ.

ಟ್ರೈಗ್ಲಿಸರೈಡ್ ಜಾಸ್ತಿ ಇರುವವರ ಸೀರಮ್ ಹಾಲಿನ ಹಾಗೆ ಬೆಳ್ಳಗಿರುತ್ತದೆ. ಟ್ಯೂಬ್ ಕೈಗೆತ್ತಿಕೊಂಡ ಕೂಡಲೇ ಗೊತ್ತಾಗುತ್ತದೆ. ಸಿಆರ್‌ಪಿ 0.5 ಇರುವವರದೂ 5 ಇರುವವರದೂ ಒಂದೇ ತಿಳಿ ಹಳದಿ. ಹದಿನೇಳು ವರ್ಷದ ಕಣ್ಣಿಗೂ ವ್ಯತ್ಯಾಸ ಕಾಣುವುದಿಲ್ಲ.

ರಿಪೋರ್ಟ್ ಓದುವಾಗ ಒಂದು ಎಚ್ಚರ. ಕೆಲವು ಲ್ಯಾಬ್‌ಗಳು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಬರೆಯುತ್ತವೆ, ಕೆಲವು ಡೆಸಿಲೀಟರಿಗೆ. ಹತ್ತು ಪಟ್ಟು ವ್ಯತ್ಯಾಸ. ಡೆಸಿಲೀಟರ್ ಲೆಕ್ಕದ 0.4 ಅಂದರೆ ಲೀಟರ್ ಲೆಕ್ಕದ 4. 0.4 ನೋಡಿ ಸಮಾಧಾನ ಪಟ್ಟುಕೊಂಡು ಹೋದವರನ್ನು ಬಾಗಿಲಿಂದ ವಾಪಸ್ ಕರೆದಿದ್ದೇನೆ.

ಡಂಗುರ ಸಾರುವವನು ಕಳ್ಳನಲ್ಲ

ಹೃದಯಕ್ಕೂ ಸಿಆರ್‌ಪಿಗೂ ನಂಟಿದೆ ಅನ್ನುವುದು ಗಟ್ಟಿಯಾದದ್ದು 1997ರಲ್ಲಿ. ಅಮೆರಿಕದ ಪಾಲ್ ರಿಡ್ಕರ್ ಮತ್ತು ಜೊತೆಗಾರರು ಆರೋಗ್ಯವಾಗಿದ್ದ ವೈದ್ಯರಿಂದ ವರ್ಷಗಳ ಹಿಂದೆ ತೆಗೆದಿಟ್ಟ ರಕ್ತ ಪರೀಕ್ಷಿಸಿದರು. ಸಿಆರ್‌ಪಿ ಜಾಸ್ತಿ ಇದ್ದವರಿಗೆ ಮುಂದೆ ಹೃದಯಾಘಾತ ಜಾಸ್ತಿ ಆಗಿತ್ತು. 2024ರಲ್ಲಿ ಅದೇ ತಂಡ ಸುಮಾರು 28,000 ಮಹಿಳೆಯರ 30 ವರ್ಷದ ಲೆಕ್ಕ ಕೊಟ್ಟಿತು. ಒಮ್ಮೆ ಮಾಡಿದ ಟೆಸ್ಟ್ ಮೂವತ್ತು ವರ್ಷ ಮುಂದಿನ ಅಪಾಯದ ಸುಳಿವು ಕೊಟ್ಟಿತ್ತು.

ಹಾಗಾದರೆ ಸಿಆರ್‌ಪಿಯೇ ನಾಳ ಕೆಡಿಸುತ್ತಾ? ಇಲ್ಲ. ಹುಟ್ಟಿನಿಂದಲೇ ಸಿಆರ್‌ಪಿ ಸ್ವಲ್ಪ ಜಾಸ್ತಿ ಇರುವಂಥ ಜೀನ್ ಕೆಲವರಿಗಿರುತ್ತದೆ. ಸಿಆರ್‌ಪಿಯೇ ತಪ್ಪಿತಸ್ಥನಾಗಿದ್ದರೆ ಅವರಿಗೆ ಹೃದ್ರೋಗ ಜಾಸ್ತಿ ಇರಬೇಕಿತ್ತು. 2011ರಲ್ಲಿ ದೊಡ್ಡ ಲೆಕ್ಕ ಹಾಕಿ ನೋಡಿದರು, ಇರಲಿಲ್ಲ. ಮರುವರ್ಷ ಇಂಟರ್‌ಲ್ಯೂಕಿನ್-6ರ ಸಂದೇಶ ಸರಿಯಾಗಿ ಮುಟ್ಟದಂಥ ಜೀನ್ ಇರುವವರನ್ನು ನೋಡಿದರು. ಅವರಿಗೆ ಹೃದ್ರೋಗ ಕಡಿಮೆ ಇತ್ತು. ಸಿಆರ್‌ಪಿ ಊರಲ್ಲಿ ಡಂಗುರ ಸಾರುವವನು. ಏನೋ ಆಗಿದೆ ಅಂತ ಹೇಳುತ್ತಾನೆ. ಅವನ ಬಾಯಿ ಮುಚ್ಚಿಸಿ ಪ್ರಯೋಜನವಿಲ್ಲ.

ಔಷಧಿಯ ಕಥೆ ಇದನ್ನು ಇನ್ನೂ ಸ್ಪಷ್ಟ ಮಾಡುತ್ತದೆ. 2008ರ ಜುಪಿಟರ್ ಪ್ರಯೋಗದಲ್ಲಿ 17,802 ಜನರಿದ್ದರು. ಎಲ್ಲರ ಎಲ್‌ಡಿಎಲ್ 130ಕ್ಕಿಂತ ಕಡಿಮೆ, ಸಿಆರ್‌ಪಿ 2 ಅಥವಾ ಮೇಲೆ. ನಮ್ಮ ಮಂಡಿಯವರ ಥರದವರೇ. ಅರ್ಧ ಜನಕ್ಕೆ ರೋಸುವಾಸ್ಟಾಟಿನ್ ಅನ್ನುವ ಸ್ಟಾಟಿನ್ ಮಾತ್ರೆ ಕೊಟ್ಟರು. ಹೃದಯಾಘಾತ, ಸ್ಟ್ರೋಕ್ ಮುಂತಾದವು ಒಟ್ಟಾರೆ 44% ತಗ್ಗಿದವು. ಆದರೆ ಸ್ಟಾಟಿನ್ ಕೊಲೆಸ್ಟ್ರಾಲನ್ನೂ ಇಳಿಸುತ್ತದೆ, ಉರಿಯೂತವನ್ನೂ ಇಳಿಸುತ್ತದೆ. ಲಾಭ ಯಾವುದರಿಂದ ಬಂತು?

2017ರ ಕ್ಯಾಂಟೋಸ್ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಒಮ್ಮೆ ಅಟ್ಯಾಕ್ ಆಗಿದ್ದ 10,061 ಜನರನ್ನು ಸೇರಿಸಿಕೊಂಡು, ಕೆಲವರಿಗೆ ಇಂಟರ್‌ಲ್ಯೂಕಿನ್-1 ಬೀಟಾವನ್ನು ಮಾತ್ರ ಹಿಡಿದು ಹಾಕುವ ಕೆನಾಕಿನುಮ್ಯಾಬ್ ಇಂಜೆಕ್ಷನ್ ಕೊಟ್ಟರು. ಕೊಲೆಸ್ಟ್ರಾಲ್ ಅಲ್ಲಾಡಲಿಲ್ಲ. ಸಿಆರ್‌ಪಿ ಇಳಿಯಿತು. 150 ಮಿಲಿಗ್ರಾಂ ಪಡೆದವರಲ್ಲಿ ಮತ್ತೆ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಒಟ್ಟಾಗಿ 15% ಕಡಿಮೆಯಾಯಿತು. ಉರಿಯೂತವನ್ನು ಮಾತ್ರ ತಗ್ಗಿಸಿದರೂ ಹೃದಯಕ್ಕೆ ಒಳ್ಳೆಯದಾಗುತ್ತದೆ ಅನ್ನುವುದಕ್ಕೆ ಮನುಷ್ಯರಲ್ಲಿ ಸಿಕ್ಕ ಮೊದಲ ಗಟ್ಟಿ ಸಾಕ್ಷಿ ಅದು. ಆದರೆ ಕಾವಲನ್ನು ತಗ್ಗಿಸಿದ್ದಕ್ಕೆ ಬೆಲೆಯೂ ತೆರಬೇಕಾಯಿತು. ಸೋಂಕಿನಿಂದ ಸಾಯುವವರು ಸ್ವಲ್ಪ ಜಾಸ್ತಿಯಾದರು. ಒಟ್ಟು ಸಾವಿನ ಲೆಕ್ಕ ಇಳಿಯಲಿಲ್ಲ. ಹೃದ್ರೋಗಕ್ಕೆ ಅದು ಬಳಕೆಗೆ ಬರಲೇ ಇಲ್ಲ. ಟಿಬಿ ಇನ್ನೂ ಹೋಗಿರದ ನಮ್ಮಂಥ ಊರಿನಲ್ಲಿ ನಿಂತು ನೋಡಿದರೆ ಈ ಭಾಗ ಜಾಸ್ತಿ ಮುಖ್ಯ ಅನಿಸುತ್ತದೆ.

ಮೆಥೊಟ್ರೆಕ್ಸೇಟ್ ಎಂಬ ಅಗ್ಗದ ಕೀಲುವಾತದ (ರುಮಟಾಯ್ಡ್ ಆರ್ಥ್ರೈಟಿಸ್) ಔಷಧಿಯನ್ನೂ ಪ್ರಯತ್ನಿಸಿದರು. ಉಪಯೋಗವಾಗಲಿಲ್ಲ. ಅದು ಈ ಸರಪಳಿಯನ್ನು ಮುಟ್ಟಲೇ ಇಲ್ಲ, ಸಿಆರ್‌ಪಿ ಇಳಿಯಲಿಲ್ಲ.

ಗೌಟ್‌ಗೆ ಕೊಡುವ ಹಳೆಯ ಮಾತ್ರೆ ಕೋಲ್ಚಿಸಿನ್ ಮಾತ್ರ ಸರಪಳಿಯನ್ನು ಮುಟ್ಟಿತು. 2019ರಲ್ಲಿ ಅಟ್ಯಾಕ್ ಆಗಿ ತಿಂಗಳೊಳಗಿನವರಿಗೆ ದಿನಕ್ಕೆ 0.5 ಮಿಲಿಗ್ರಾಂ ಕೊಟ್ಟಾಗ ತೊಂದರೆ 23% ತಗ್ಗಿತು. 2020ರಲ್ಲಿ ಹಳೆಯ ಹೃದ್ರೋಗಿಗಳಲ್ಲಿ 31%. 2023ರ ಜೂನ್‌ನಲ್ಲಿ ಅಮೆರಿಕದ ಔಷಧ ಇಲಾಖೆ ಒಪ್ಪಿಗೆ ಕೊಟ್ಟಿತು. ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಆದರೆ 2024ರಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನರ ಇನ್ನೊಂದು ಪ್ರಯೋಗದಲ್ಲಿ ಅಟ್ಯಾಕ್ ಆದ ಕೂಡಲೇ ಶುರು ಮಾಡಿದ ಕೋಲ್ಚಿಸಿನ್‌ನಿಂದ ಲಾಭವೇ ಕಾಣಲಿಲ್ಲ. ಯಾರಿಗೆ, ಯಾವಾಗ ಕೊಡಬೇಕು ಅನ್ನುವುದು ಹೃದಯದ ಡಾಕ್ಟರ್ ನಿರ್ಧರಿಸಬೇಕಾದ ವಿಷಯ. ಕಿಡ್ನಿ ಸರಿಯಿಲ್ಲದವರಿಗೆ ಈ ಮಾತ್ರೆ ವಿಷವಾಗಬಹುದು. ಕೆಲವು ಆಂಟಿಬಯಾಟಿಕ್ ಜೊತೆಗೂ ಅಪಾಯ. ನಮ್ಮ ಬೇಲಿಗಳಲ್ಲಿ ಮಳೆಗಾಲಕ್ಕೆ ಕೆಂಪು ಹಳದಿ ಹೂ ಬಿಡುವ ಅಗ್ನಿಶಿಖೆ ಬಳ್ಳಿ ಇದೆಯಲ್ಲ, ಅದರ ಗೆಡ್ಡೆಯಲ್ಲಿ ಇರುವುದೂ ಕೋಲ್ಚಿಸಿನ್ನೇ. ಆ ಗೆಡ್ಡೆ ತಿಂದು ಜೀವ ಹೋದವರಿದ್ದಾರೆ. ಗೆಡ್ಡೆಯೇ ಔಷಧಿಯಂತೆ ಅಂತ ಯಾರಾದರೂ ವಾಟ್ಸಾಪ್‌ನಲ್ಲಿ ಕಳಿಸಿದರೆ ದಯವಿಟ್ಟು ಮುಂದೆ ಕಳಿಸಬೇಡಿ.

ನಮ್ಮೂರಿನ ಒಲೆಗಳು

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಈ ಪ್ರಯೋಗಗಳಲ್ಲಿ ಹೆಚ್ಚಿನವು ನಡೆದದ್ದು ಬೇರೆ ಥರದ ಊರುಗಳಲ್ಲಿ. ಅಲ್ಲಿ ಸಿಆರ್‌ಪಿ 4 ಇದ್ದರೆ ನಾಳದ ಕಡೆ ಬೊಟ್ಟು ಮಾಡುವುದು ಸುಲಭ. ನಮ್ಮಲ್ಲಿ ಉರಿಯುವ ಒಲೆಗಳು, ಅಂದರೆ ಉರಿಯೂತಕ್ಕೆ ಬೇರೆ ಬೇರೆ ಕಾರಣಗಳು, ಜಾಸ್ತಿ.

ಕಳೆದ ವರ್ಷ ಮಾಲೂರು ಕಡೆಯಿಂದ ಒಬ್ಬ ಅಕ್ಕ ಬಂದಿದ್ದರು. ಯಾವುದೋ ಪ್ಯಾಕೇಜ್ ಚೆಕಪ್‌ನಲ್ಲಿ ಎಚ್‌ಎಸ್‌-ಸಿಆರ್‌ಪಿ 14 ಬಂದಿತ್ತು. ಅಂಕಿಯ ಪಕ್ಕ ಕೆಂಪು ಬಾಣ. 'ಹೃದಯಕ್ಕೆ ಹೆಚ್ಚಿನ ಅಪಾಯ' ಅಂತ ಅಚ್ಚಾಗಿತ್ತು. ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. "ಜ್ವರ ಏನಾದರೂ ಬಂದಿತ್ತಾ ಅಕ್ಕ?" ಅಂದೆ. ಇಲ್ಲ ಅಂದರು. ಆಮೇಲೆ ಚಪ್ಪಲಿ ಬಿಚ್ಚಿ ಹಿಮ್ಮಡಿ ತೋರಿಸಿದರು. ಹೂವಿನ ತೋಟದಲ್ಲಿ ನೀರು ಹಾಯಿಸುವ ಕೆಲಸ. ಹಿಮ್ಮಡಿ ಒಡೆದು, ಒಂದು ಬಿರುಕು ಕೀವು ಕಟ್ಟಿತ್ತು. ಡಾಕ್ಟರ್ ಹತ್ತಿರ ಕಳಿಸಿದೆ. ಕಾಲು ವಾಸಿಯಾಗಿ ಮೂರು ವಾರದ ಮೇಲೆ ಮತ್ತೆ ಮಾಡಿದಾಗ 1.8.

10 ದಾಟಿದರೆ ಹೃದಯದ ಲೆಕ್ಕಕ್ಕೆ ಆ ಅಂಕಿ ಬರುವುದೇ ಇಲ್ಲ. ಮೊದಲು ಸೋಂಕು ಹುಡುಕಬೇಕು, ಗುಣವಾದ ಮೇಲೆ ಕನಿಷ್ಠ ಎರಡು ವಾರ ಬಿಟ್ಟು ಮತ್ತೆ ಮಾಡಬೇಕು. ಕಡಿಮೆ ಇದ್ದರೂ ಒಂದೇ ಸಲದ ಅಂಕಿ ನಂಬಬಾರದು. ಈ ಎರಡು ಸಾಲನ್ನು ಪ್ರತಿ ರಿಪೋರ್ಟಿನ ಕೆಳಗೆ ಕನ್ನಡದಲ್ಲಿ ಅಚ್ಚು ಹಾಕಿದರೆ ಎಷ್ಟು ಜನರ ನಿದ್ದೆ ಉಳಿಯುತ್ತದೆ!

ಆದರೆ 10ರ ಕೆಳಗೆ, 3ರ ಮೇಲೆ, ಎರಡು ಸಲವೂ ನಿಂತರೆ ಅದನ್ನು ತಳ್ಳಿಹಾಕುವ ಹಾಗಿಲ್ಲ. ಆಗ ಯಾವ ಒಲೆ ಅಂತ ಹುಡುಕಬೇಕು. ಬೀಡಿ, ಸಿಗರೇಟು ಮೊದಲು. ಹೊಟ್ಟೆಯ ಬೊಜ್ಜು ಸುಮ್ನೆ ಕೂತಿರುವ ಕೊಬ್ಬಲ್ಲ, ಅದೇ ಇಂಟರ್‌ಲ್ಯೂಕಿನ್-6 ತಯಾರಿಸುತ್ತದೆ. ತೆಳ್ಳಗಿನ ಕೈಕಾಲು, ಮುಂದೆ ಬಂದ ಹೊಟ್ಟೆ, ಇದು ನಮ್ಮವರ ಸಾಮಾನ್ಯ ಮೈಕಟ್ಟು. ಸೌದೆ ಒಲೆಯ ಹೊಗೆ ಕೂಡ ಲೆಕ್ಕಕ್ಕಿದೆ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ ಗೂಡು ಬೇಯಿಸುವ ಬಿಸಿನೀರಿನ ಆವಿ, ಸೌದೆ ಹೊಗೆ ಎರಡರ ಮಧ್ಯೆ ದಿನವಿಡೀ ನಿಲ್ಲುವ ಹೆಂಗಸರ ಸಿಆರ್‌ಪಿಯನ್ನು ಪ್ಯಾಕೇಜ್ ಚೆಕಪ್‌ನವರು ನೋಡುವುದೇ ಇಲ್ಲ. ಅವರಿಗೆ ಅಷ್ಟು ದುಡ್ಡೂ ಇಲ್ಲ.

ಕೀಲುವಾತ ಇರುವವರಿಗೆ ಹೃದ್ರೋಗದ ಅಪಾಯ ಸುಮಾರು ಒಂದೂವರೆ ಪಟ್ಟು. ಬೆರಳ ಗಿಣ್ಣು ಊದಿದ ಅಮ್ಮಂದಿರು ನೋವಿನ ಮಾತ್ರೆ ನುಂಗಿಕೊಂಡು ವರ್ಷಗಟ್ಟಲೆ ಕಳೆಯುತ್ತಾರೆ. ನೋವು ತಗ್ಗುತ್ತದೆ, ಉರಿಯೂತ ಮುಂದುವರಿಯುತ್ತದೆ. ಕೆಲವು ನೋವಿನ ಮಾತ್ರೆಗಳಂತೂ ಹೃದಯಕ್ಕೇ ಒಳ್ಳೆಯದಲ್ಲ. ಕೀಲುವಾತಕ್ಕೆ ಸರಿಯಾದ ಔಷಧಿ ಬೇರೆ ಇದೆ, ಕೇಳಿ ತೆಗೆದುಕೊಳ್ಳಬೇಕು.

ಜ್ವರ ಕೂಡ ಸಣ್ಣ ವಿಷಯವಲ್ಲ. ಫ್ಲೂ ಖಚಿತವಾದ ಮೊದಲ ವಾರದಲ್ಲಿ ಹೃದಯಾಘಾತದ ಅಪಾಯ ಆರು ಪಟ್ಟು ಅಂತ ಕೆನಡಾದ ಅಧ್ಯಯನವೊಂದು 2018ರಲ್ಲಿ ತೋರಿಸಿತು. ಈಗಾಗಲೇ ಕೆರಳಿರುವ ಗಂಟಿಗೆ ಇನ್ನಷ್ಟು ಉರಿ. ಅಟ್ಯಾಕ್ ಆದವರಿಗೆ ಫ್ಲೂ ಲಸಿಕೆ ಕೊಟ್ಟಾಗ ಸಾವು ಕಡಿಮೆಯಾದದ್ದು 2021ರ ಪ್ರಯೋಗದಲ್ಲಿ ಕಂಡಿದೆ. ಸ್ಟೆಂಟ್‌ಗೆ ಲಕ್ಷಗಟ್ಟಲೆ ಹೊಂದಿಸುವ ಮನೆಯವರು ವರ್ಷಕ್ಕೊಂದು ಲಸಿಕೆಯ ಬಗ್ಗೆ ಕೇಳಿಯೇ ಇರುವುದಿಲ್ಲ. ಡಾಕ್ಟರನ್ನು ಕೇಳಿ.

ಇದೆಲ್ಲ ಓದಿ ಕೊಲೆಸ್ಟ್ರಾಲ್ ಮಾತ್ರೆ ಬಿಡಬೇಡಿ. ದಯವಿಟ್ಟು. ಉರಿಯೂತ ಶುರುವಾಗುವುದೇ ನುಸುಳಿದ ಕೊಬ್ಬಿನಿಂದ. ರಿಪೋರ್ಟಿನ 'ನಾರ್ಮಲ್' ಅನ್ನುವ ಪದವೂ ಅರ್ಧ ಸತ್ಯ. ಒಮ್ಮೆ ಅಟ್ಯಾಕ್ ಆದವರಿಗೆ 104 ನಾರ್ಮಲ್ ಅಲ್ಲ, ಅದನ್ನು ಇನ್ನೂ ಬಹಳ ಕೆಳಗೆ ಇಳಿಸುತ್ತಾರೆ. ಅರಿಶಿನದ ಮಾತ್ರೆ ತಿಂದರೆ ಉರಿಯೂತ ಹೋಗುತ್ತದೆ ಅಂತ ಮಾರುತ್ತಾರೆ. ಸಾರಿಗೆ ಹಾಕುವ ಅರಿಶಿನ ಇರಲಿ. ಆ ಮಾತ್ರೆಯಿಂದ ಹೃದಯಾಘಾತ ತಗ್ಗಿತು ಅಂತ ತೋರಿಸಿದ ದೊಡ್ಡ ಪ್ರಯೋಗ ಇಲ್ಲ. ಜಾಸ್ತಿ ತಿಂದು ಲಿವರ್ ಕೆಟ್ಟವರ ವರದಿಗಳಿವೆ.

ಎದೆನೋವು ಬಂದವರಿಗೆ ಈ ಟೆಸ್ಟ್ ಬೇಡವೇ ಬೇಡ. ಅವರು ಲ್ಯಾಬ್‌ಗೆ ಬರಬಾರದು, ಸೀದಾ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಇಸಿಜಿ, ಬೇಕಾದರೆ ಹೃದಯಕ್ಕೆ ಪೆಟ್ಟಾಗಿದೆಯಾ ಅಂತ ತೋರಿಸುವ ಟ್ರೊಪೋನಿನ್ ರಕ್ತ ಪರೀಕ್ಷೆ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಕಾಯುವ ಅರ್ಧ ಗಂಟೆಯಲ್ಲಿ ಎಷ್ಟೋ ಹೃದಯದ ಮಾಂಸ ಸತ್ತುಹೋಗುತ್ತದೆ.

ಮಂಡಿಯವರ ಎಚ್‌ಎಸ್‌-ಸಿಆರ್‌ಪಿ ಅವರ ಡಾಕ್ಟರ್ ಬರೆದುಕೊಟ್ಟ ಮೇಲೆ ನಾನೇ ಮಾಡಿದೆ. 5.4. ಎರಡು ವಾರದ ಮೇಲೆ 5.1. ಡಾಕ್ಟರ್ ಅವರನ್ನು ಮೊದಲು ಕಳಿಸಿದ್ದು ಹಲ್ಲಿನವರ ಹತ್ತಿರ. ಒಸಡಿನ ಉರಿಯೂತವೂ ಒಂದು ಒಲೆಯೇ. ಒಸಡಿನಲ್ಲಿ ರಕ್ತ ಬರುತ್ತಿದ್ದದ್ದು ಎಷ್ಟು ವರ್ಷದಿಂದ ಅಂತ ಅವರಿಗೇ ನೆನಪಿರಲಿಲ್ಲ. ಎರಡು ಹಲ್ಲು ಕಿತ್ತು, ಒಸಡಿನ ಒಳಗಿನವರೆಗೆ ಕ್ಲೀನ್ ಮಾಡಿದರು. ಸ್ಟಾಟಿನ್ ಡೋಸ್ ಏರಿಸಿದರು. ಮಂಡಿಗೆ ನಸುಕಿನಲ್ಲಿ ಹೋಗುವ ಕೆಲಸವನ್ನು ವಾರಕ್ಕೆ ಮೂರು ದಿನ ಮಗ ನೋಡಿಕೊಳ್ಳುತ್ತಾನೆ. ಇವರು ಮಲಗುತ್ತಾರೆ.

ಮೊನ್ನೆ ಮತ್ತೆ ಬಂದಿದ್ದರು. 2.3.

"ಇನ್ನೂ ಎರಡರ ಮೇಲೇ ಇದೆಯಲ್ಲಣ್ಣ" ಅಂದರು. ಬೀಡಿ ಬಿಟ್ಟು ಎಷ್ಟು ದಿನ ಆಯ್ತು ಅಂತ ಕೇಳಿದೆ. ಕೌಂಟರ್ ಮೇಲೆ ಬೆರಳು ಮಡಚಿ ಎಣಿಸಿದರು.

"ನಲವತ್ತೊಂದು."